ಬಳ್ಳಿ ಸೊರಗಿದರೆ ಮೊದಲು ಬುಡ ನೋಡಿ

ಗಿಡ ತನ್ನ ಕಾಯಿಲೆಯನ್ನು ಕಣ್ಣೆದುರಿಗೇ ತೋರಿಸುತ್ತದೆ. ಬಳ್ಳಿ ಹಾಗಲ್ಲ. ಎಲೆ ಹಳದಿಯಾಗುವುದು ಚಪ್ಪರದ ಮೇಲೆ, ಹತ್ತು ಹನ್ನೆರಡು ಅಡಿ ಎತ್ತರದಲ್ಲಿ. ಬೇರು ಇರುವುದು ಗೋಡೆಯ ಮೂಲೆಯ ಹಿಡಿ ಮಣ್ಣಿನಲ್ಲಿ. ನಡುವೆ ಇರುವುದು ಬೆರಳು ದಪ್ಪದ ಒಂದು ಕಾಂಡ, ಅಷ್ಟೇ. ಆ ದಾರಿಯಲ್ಲಿ ಎಲ್ಲಿ ತೊಡಕಾದರೂ ಸುದ್ದಿ ಬರುವುದು ಮೇಲಿನಿಂದ. ನಾವು ತಲೆ ಎತ್ತಿ ನೋಡುತ್ತೇವೆ, ಅಲ್ಲೇ ಔಷಧಿ ಹೊಡೆಯುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ನಾನೂ ಬರೆ ಹಾಕಿದ್ದೇನೆ. ನನ್ನ ಮಲ್ಲಿಗೆ ಬಳ್ಳಿಯ ಅರ್ಧ ಭಾಗ ಹಳದಿಗೆ ತಿರುಗಿತ್ತು. ಮೊದಲು ಗೊಬ್ಬರ ಕೊಟ್ಟೆ. ಆಮೇಲೆ ಬೇವಿನೆಣ್ಣೆ ಹೊಡೆದೆ. ಆಮೇಲೆ ನೀರು ಜಾಸ್ತಿ ಮಾಡಿದೆ. ಮೂರು ತಿಂಗಳು ಕಳೆದ ಮೇಲೆ, ಒಣಗಿದ ಕೊಂಬೆ ಕತ್ತರಿಸಲು ಹೋದಾಗ ಕಂಡಿತು. ಎರಡು ವರ್ಷದ ಹಿಂದೆ ನಾನೇ ಕಟ್ಟಿದ್ದ ತಂತಿ ಕಾಂಡದೊಳಗೆ ಹೂತುಹೋಗಿತ್ತು. ಎಲೆಯನ್ನು ನೂರು ಸಲ ನೋಡಿದ್ದೆ, ಕಾಂಡದ ಮೇಲೆ ಒಮ್ಮೆಯೂ ಕೈ ಆಡಿಸಿರಲಿಲ್ಲ.

ಅಂದಿನಿಂದ ನಾನು ಹುಡುಕುವ ಕ್ರಮ ಬೇರೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇಕಾಗುವುದು ಸ್ವಲ್ಪವೇ. ಒಂದು ಚೂಪು ಚಾಕು, ಒಂದು ಬಿಳಿ ಹಾಳೆ, ಒಂದು ಗಾಜಿನ ಲೋಟ, ಮಣ್ಣು ಕೆದಕಲು ಒಂದು ಕಡ್ಡಿ. ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಫೋನಿನ ಕ್ಯಾಮೆರಾ ಸಾಕು.

ನಿಜವಾಗಿಯೂ ಕಾಯಿಲೆಯೇ?

ಗಾಬರಿ ಪಡುವ ಮೊದಲು ಇದನ್ನು ಕೇಳಿಕೊಳ್ಳಿ. ಬಳ್ಳಿಯ ಹಳೆಯ ಎಲೆಗಳು ಒಂದೊಂದಾಗಿ ಹಳದಿಯಾಗಿ ಉದುರುವುದು ಸಹಜ. ಬುಡದ ಕಡೆ ಬೋಳಾಗಿ ಮೇಲೆ ಮಾತ್ರ ಎಲೆ ಇದ್ದರೆ ಅದೂ ಕಾಯಿಲೆಯಲ್ಲ, ಬಳ್ಳಿಯ ಸ್ವಭಾವ. ಬೆಳಕು ಎಲ್ಲಿದೆಯೋ ಎಲೆ ಅಲ್ಲಿ. ದ್ರಾಕ್ಷಿಯಂಥ ಬಳ್ಳಿಗಳು ಚಳಿ ಸೀಮೆಯಲ್ಲಿ ಪೂರ್ತಿ ಎಲೆ ಉದುರಿಸಿ ಸತ್ತಂತೆ ನಿಲ್ಲುತ್ತವೆ. ಹೊಸದಾಗಿ ನೆಟ್ಟ ಬಳ್ಳಿ ಮೊದಲ ಒಂದೆರಡು ವಾರ ಮುಖ ಬಾಡಿಸಿಕೊಂಡಿರುತ್ತದೆ. ಬೇರು ಹಿಡಿಯುವವರೆಗೆ ಅದನ್ನು ಅದರ ಪಾಡಿಗೆ ಬಿಡಿ.

ಇನ್ನು ಕೆಲವು ಮೋಸದ ಗುರುತುಗಳಿವೆ. ಮೆಣಸಿನ ಬಳ್ಳಿ, ದ್ರಾಕ್ಷಿ ಬಳ್ಳಿಗಳ ಎಳೆ ಎಲೆಯ ಅಡಿಯಲ್ಲಿ ಸಣ್ಣ ಸಣ್ಣ ಗಾಜಿನ ಮಣಿಯಂಥ ಹನಿಗಳು ಕಾಣಬಹುದು. ನೋಡಿದರೆ ಹುಳುವಿನ ಮೊಟ್ಟೆಯೇ ಅನ್ನಿಸುತ್ತದೆ. ಅವು ಮೊಟ್ಟೆಯಲ್ಲ, ಬಳ್ಳಿಯೇ ಹೊರಹಾಕುವ ಮಣಿಗಳು. ಪ್ಯಾಷನ್ ಹಣ್ಣಿನ ಬಳ್ಳಿಯಲ್ಲಿ ಎಲೆತೊಟ್ಟಿನ ಮೇಲೆ ಎರಡು ಚಿಕ್ಕ ಗುಬುಟು ಇರುತ್ತವೆ. ಅವುಗಳಿಂದ ಸಿಹಿ ರಸ ಒಸರುತ್ತದೆ, ಅದಕ್ಕೆ ಇರುವೆ ಬರುತ್ತದೆ. ರಂಗೂನ್ ಮಲ್ಲಿಗೆಯ ಹೂ ಬಿಳಿಯಾಗಿ ಅರಳಿ, ಗುಲಾಬಿಯಾಗಿ, ಕೊನೆಗೆ ಕೆಂಪಾಗುವುದನ್ನು ನೋಡಿ ಏನೋ ಆಗಿದೆ ಎಂದು ಹೂ ಕಿತ್ತು ಹಾಕಿದವರನ್ನೂ ನೋಡಿದ್ದೇನೆ!

ದೂರ ನಿಂತು ಒಂದು ಸಲ

ಎಲೆಯ ಹತ್ತಿರ ಹೋಗಬೇಡಿ, ಇನ್ನೂ. ಹತ್ತು ಹೆಜ್ಜೆ ಹಿಂದೆ ನಿಂತು ಇಡೀ ಬಳ್ಳಿ ನೋಡಿ. ಕೆಟ್ಟಿರುವುದು ಎಲ್ಲಿ?

ಒಂದೇ ಕವಲು ಬಾಡಿದ್ದು, ಉಳಿದದ್ದು ಚೆನ್ನಾಗಿದ್ದರೆ ತೊಂದರೆ ಆ ಕವಲಿನ ದಾರಿಯಲ್ಲೇ ಇದೆ. ಮುರಿದಿರಬಹುದು, ಕೊರಕ ಹುಳು ಹೊಕ್ಕಿರಬಹುದು, ಕಟ್ಟು ಬಿಗಿದಿರಬಹುದು. ಇಡೀ ಬಳ್ಳಿ ಒಂದೇ ಸಮನೆ ಮಂಕಾಗಿದ್ದರೆ ಬೇರು, ನೀರು, ಮಣ್ಣು. ಗೋಡೆಗೆ ತಾಗಿದ ಎಲೆಗಳೋ, ಮಧ್ಯಾಹ್ನದ ಬಿಸಿಲಿಗೆ ಮುಖ ಮಾಡಿದ ಎಲೆಗಳೋ ಮಾತ್ರ ಅಂಚು ಸುಟ್ಟು ಕಂದಾಗಿದ್ದರೆ ಅದು ಬಿಸಿಯ ಏಟು. ಬಿಸಿಲಿಗೆ ಕಾದ ಗೋಡೆ, ತಗಡು, ಕಬ್ಬಿಣದ ಜಾಲರಿ ಎಳೆ ಕುಡಿಯನ್ನು ಸುಟ್ಟುಬಿಡುತ್ತವೆ. ಜಾಲರಿಯನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಟ್ಟರೆ ನಡುವೆ ಗಾಳಿ ಆಡುತ್ತದೆ.

ಪಕ್ಕದ ಗಿಡಗಳನ್ನೂ ನೋಡಿ. ರೋಗಗಳು ಸಾಮಾನ್ಯವಾಗಿ ಜಾತಿ ನೋಡಿ ಬರುತ್ತವೆ. ಹಾಗಲಕ್ಕೆ ಬಂದ ಬೂದಿ ರೋಗ ಪಕ್ಕದ ಮಲ್ಲಿಗೆಗೆ ದಾಟುವುದಿಲ್ಲ. ಬೇರೆ ಬೇರೆ ಜಾತಿಯ ಮೂರು ನಾಲ್ಕು ಗಿಡಗಳಿಗೆ ಒಂದೇ ವಾರದಲ್ಲಿ ಒಂದೇ ಥರ ಆಗಿದ್ದರೆ ರೋಗದ ಮಾತು ಬಿಡಿ. ಉಪ್ಪು ನೀರು, ಬಿಸಿಗಾಳಿ, ಅತಿ ಗೊಬ್ಬರ, ಹತ್ತಿರದಲ್ಲಿ ಯಾರೋ ಹೊಡೆದ ಕಳೆನಾಶಕ, ಇವುಗಳಲ್ಲಿ ಒಂದನ್ನು ಹುಡುಕಿ.

ಎಷ್ಟು ದಿನದಲ್ಲಿ ಆಯಿತು ಅನ್ನುವುದೂ ಮುಖ್ಯ. ಒಂದೆರಡು ದಿನದಲ್ಲಿ ಕುಸಿದರೆ ನೀರಿನ ದಾರಿ ಕಟ್ಟಿದೆ ಎಂದರ್ಥ. ವಾರಗಟ್ಟಲೆ ನಿಧಾನವಾಗಿ ಬಣ್ಣ ಕಳೆದುಕೊಂಡರೆ ಪೋಷಕಾಂಶ, ಹುಳು ಅಥವಾ ಬೆಳಕು.

ಬುಡದಿಂದ ಕೈ ಆಡಿಸುತ್ತಾ ಮೇಲಕ್ಕೆ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಪ್ರಕಾರ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಬುಡದ ಸುತ್ತಲಿನ ಒಣ ಎಲೆ, ಹೊದಿಕೆ ಸರಿಸಿ. ಕಾಂಡ ಮಣ್ಣು ಸೇರುವ ಜಾಗ ಕಾಣಬೇಕು. ಅಲ್ಲಿ ತೊಗಟೆ ಕಪ್ಪಾಗಿ, ಒದ್ದೆಯಾಗಿ, ಒತ್ತಿದರೆ ಮೆತ್ತಗಾಗುತ್ತದೆಯೇ? ಅದು ಬುಡ ಕೊಳೆ. ವೀಳ್ಯದೆಲೆ, ಮೆಣಸಿನ ಬಳ್ಳಿಗಳಲ್ಲಿ ಮಳೆಗಾಲದಲ್ಲಿ ನೀರು ನಿಂತರೆ ಇದು ಬಹಳ ಬೇಗ ಬರುತ್ತದೆ. ತೊಗಟೆ ಸುತ್ತಲೂ ಕಿತ್ತು ಹಲ್ಲಿನ ಗುರುತು ಕಂಡರೆ ಇಲಿ ಹೆಗ್ಗಣದ ಕೆಲಸ. ಒಂದೇ ಬದಿಗೆ ಹೊಸ ಗಾಯವಿದ್ದರೆ ಹುಲ್ಲು ಕತ್ತರಿಸುವ ಯಂತ್ರ ತಾಗಿರಬಹುದು. ಸಣ್ಣ ತೂತು, ಅದರ ಕೆಳಗೆ ಮರದ ಪುಡಿ ಕಂಡರೆ ಒಳಗೆ ಕಾಂಡ ಕೊರಕ ಇದೆ.

ಈಗ ಕಾಂಡವನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಹೋಗಿ. ಪ್ರತಿ ಕಟ್ಟನ್ನೂ ಮುಟ್ಟಿ ನೋಡಿ. ತಂತಿ, ನೈಲಾನ್ ದಾರ, ಪ್ಲಾಸ್ಟಿಕ್ ಪಟ್ಟಿ, ನರ್ಸರಿಯಿಂದ ಬಂದ ಹೆಸರಿನ ಚೀಟಿಯ ದಾರವೂ ಸೇರಿ. ಕಟ್ಟಿನ ಮೇಲ್ಭಾಗದಲ್ಲಿ ಕಾಂಡ ಉಬ್ಬಿ, ಕೆಳಗೆ ತೆಳ್ಳಗಿದ್ದರೆ ಕಳ್ಳ ಸಿಕ್ಕಂತೆ. ಎಲೆ ಮಾಡಿದ ಆಹಾರ ತೊಗಟೆಯ ಮೂಲಕ ಕೆಳಗಿಳಿಯುತ್ತದೆ, ನೀರು ಒಳಭಾಗದ ಮೂಲಕ ಮೇಲೇರುತ್ತದೆ. ಬಿಗಿದ ಕಟ್ಟು ಮೊದಲು ತೊಗಟೆಯನ್ನು ಹಿಸುಕುತ್ತದೆ. ಆಹಾರ ಅಲ್ಲೇ ನಿಂತು ಕಾಂಡ ಊದುತ್ತದೆ, ಕೆಳಗಿನ ಬೇರು ಹಸಿಯುತ್ತದೆ. ಈ ಹಂತದಲ್ಲಿ ಮೇಲಿನ ಎಲೆಗೆ ಏನೂ ಆಗಿರುವುದಿಲ್ಲ. ತಿಂಗಳುಗಳ ಮೇಲೆ ನೀರೂ ಕಟ್ಟಿದಾಗಲೇ ನಮಗೆ ಗೊತ್ತಾಗುವುದು.

ಕಟ್ಟು ಕತ್ತರಿಸಿ ತೆಗೆಯಿರಿ. ತೊಗಟೆಯೊಳಗೆ ಪೂರ್ತಿ ಹೂತಿದ್ದರೆ ಎಳೆದು ಕೀಳಬೇಡಿ, ಸಿಕ್ಕಷ್ಟು ಕಡೆ ತುಂಡು ಮಾಡಿ ಬಿಟ್ಟುಬಿಡಿ. ಮುಂದೆ ಕಟ್ಟುವಾಗ 8ರ ಆಕಾರದಲ್ಲಿ, ಒಂದು ಕುಣಿಕೆ ಕಂಬಕ್ಕೆ, ಇನ್ನೊಂದು ಕಾಂಡಕ್ಕೆ ಬರುವಂತೆ ಸಡಿಲವಾಗಿ ಕಟ್ಟಿ. ಹಳೆ ಬಟ್ಟೆಯ ಪಟ್ಟಿಯಷ್ಟು ಒಳ್ಳೆಯದು ಬೇರೆ ಇಲ್ಲ. ಕಿರುಬೆರಳು ಒಳಗೆ ಹೋಗುವಷ್ಟು ಜಾಗ ಇರಲಿ.

ಕವಲು ಬದುಕಿದೆಯೋ ಇಲ್ಲವೋ ಅನುಮಾನ ಬಂದರೆ ಉಗುರಿನಿಂದ ತೊಗಟೆ ಸ್ವಲ್ಪ ಕೆರೆಯಿರಿ. ಕೆಳಗೆ ಹಸಿರು, ಹಸಿ ಇದ್ದರೆ ಜೀವ ಇದೆ. ಕಂದು ಬಣ್ಣ, ಒಣ ಒಣ ಇದ್ದರೆ ಅಷ್ಟು ಭಾಗ ಸತ್ತಿದೆ. ಇನ್ನೂ ಕೆಳಗೆ ಹೋಗಿ ಮತ್ತೆ ಕೆರೆಯಿರಿ. ಹಸಿರು ಎಲ್ಲಿ ಶುರುವಾಗುತ್ತದೋ ಅಲ್ಲೇ ತೊಂದರೆಯ ಗಡಿ.

ನೀರಿನ ಲೆಕ್ಕ

ನೀರು ಕಡಿಮೆಯಾದರೂ ಬಳ್ಳಿ ಬಾಡುತ್ತದೆ, ಜಾಸ್ತಿಯಾದರೂ ಬಾಡುತ್ತದೆ. ಎಲೆ ನೋಡಿದರೆ ಎರಡೂ ಒಂದೇ ಥರ. ಬೇರು ಕೊಳೆತ ಬಳ್ಳಿ ನೀರಿನ ನಡುವೆ ನಿಂತು ಬಾಯಾರಿ ಸಾಯುತ್ತದೆ. ಬಾಡಿದ್ದನ್ನು ನೋಡಿ ನಾವು ಇನ್ನೊಂದು ಕೊಡ ಸುರಿಯುತ್ತೇವೆ!

ಬೇರೆ ಮಾಡಿ ತಿಳಿಯುವುದು ಸುಲಭ. ಮಧ್ಯಾಹ್ನ ಬಾಡಿದ ಬಳ್ಳಿಯನ್ನು ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಮತ್ತೆ ನೋಡಿ. ಎಲೆ ನೆಟ್ಟಗಾಗಿದ್ದರೆ ಅದು ಬಿಸಿಲಿನ ಬಳಲಿಕೆ ಅಥವಾ ಸ್ವಲ್ಪ ನೀರಿನ ಕೊರತೆ. ಬೆಳಿಗ್ಗೆಯೂ ಹಾಗೇ ಜೋತುಬಿದ್ದಿದ್ದರೆ, ಮಣ್ಣೂ ಒದ್ದೆಯಿದ್ದರೆ, ಬೇರು ಅಥವಾ ಕಾಂಡದ ಒಳಗೆ ಕೆಟ್ಟಿದೆ.

ಮಣ್ಣು ಒದ್ದೆಯೋ ಒಣವೋ ಅನ್ನುವುದನ್ನು ಮೇಲೆ ನೋಡಿ ಹೇಳಬೇಡಿ. 10ರಿಂದ 15 ಸೆಂ.ಮೀ. ಆಳಕ್ಕೆ ಕಡ್ಡಿ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿಗೆ ಮಣ್ಣು ಅಂಟಿ ತಂಪಾಗಿದ್ದರೆ ಒಳಗೆ ತೇವ ಇದೆ. ದಿನಾ ಸಂಜೆ ಪೈಪಿನಲ್ಲಿ ಸುಮ್ನೆ ಚಿಮುಕಿಸುವವರ ಮಣ್ಣು ಮೇಲೆ ಒದ್ದೆ, ಎರಡು ಇಂಚು ಕೆಳಗೆ ಧೂಳು. ಇದು ತುಂಬಾ ಸಾಮಾನ್ಯ.

ಗೋಡೆಗೆ ಹಬ್ಬಿಸಿದ ಬಳ್ಳಿಗೆ ಇನ್ನೊಂದು ಕಷ್ಟ ಇದೆ. ಗೋಡೆಯ ಬುಡಕ್ಕೆ ಮಳೆ ಬೀಳುವುದೇ ಇಲ್ಲ. ಸೂರು ಅಡ್ಡ ಬರುತ್ತದೆ, ಗೋಡೆಯೂ ಮಣ್ಣಿನ ತೇವ ಹೀರುತ್ತದೆ. ಜಡಿಮಳೆ ಸುರಿದ ಮರುದಿನ ಗೋಡೆ ಪಕ್ಕ ಕೆದಕಿ ನೋಡಿ, ಬೂದಿಯಂಥ ಒಣ ಮಣ್ಣು ಸಿಗಬಹುದು. ಅದಕ್ಕೇ ಬಳ್ಳಿಯನ್ನು ಗೋಡೆಗೆ ಅಂಟಿಸಿ ನೆಡಬಾರದು. 30ರಿಂದ 45 ಸೆಂ.ಮೀ. ದೂರ ನೆಟ್ಟು, ಓರೆಯಾಗಿ ಕಡ್ಡಿ ಕೊಟ್ಟು ಗೋಡೆಯ ಕಡೆ ಹತ್ತಿಸಬೇಕು. ಆಗಲೇ ಗೋಡೆಗೆ ಅಂಟಿ ಬೆಳೆದಿದ್ದರೆ ಕಿತ್ತು ನೆಡುವುದು ಬೇಡ. ಹೊರಬದಿಯಲ್ಲಿ ಪಾತಿ ಮಾಡಿ, ವಾರಕ್ಕೆ ಒಂದೆರಡು ಸಲ ಆಳಕ್ಕೆ ಇಳಿಯುವಂತೆ ನೀರು ಕೊಡಿ. ಒಣ ಎಲೆಯ ಹೊದಿಕೆ ಹಾಕಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಮರಕ್ಕೆ ಹಬ್ಬಿಸಿದ ಬಳ್ಳಿಯ ಕತೆಯೂ ಇದೇ. ಅಲ್ಲಿ ನೀರು ಕುಡಿಯುವುದು ಮರ.

ನೀರು ಇಂಗುತ್ತಿಲ್ಲ ಅನ್ನಿಸಿದರೆ ಬಳ್ಳಿಯಿಂದ ಸ್ವಲ್ಪ ದೂರ 30 ಸೆಂ.ಮೀ. ಆಳದ ಗುಂಡಿ ತೋಡಿ. ನೀರು ತುಂಬಿಸಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ ಗಡಿಯಾರ ನೋಡಿ. ಗಂಟೆಗೆ 2ರಿಂದ 5 ಸೆಂ.ಮೀ. ಇಳಿದರೆ ಚಿಂತೆಯಿಲ್ಲ. ಮರುದಿನವೂ ನೀರು ನಿಂತಿದ್ದರೆ ಯಾವ ಔಷಧಿಯೂ ಬೇಡ, ಕಾಲುವೆ ಬೇಕು.

ಕುಂಡದ ಬಳ್ಳಿಯಾದರೆ ಕೆಲಸ ಸುಲಭ. ಮೆಲ್ಲಗೆ ಮಗುಚಿ ಬೇರನ್ನೇ ನೋಡಬಹುದು. ಒಳ್ಳೆಯ ಬೇರು ಬೆಳ್ಳಗೆ ಅಥವಾ ತಿಳಿ ಕಂದಾಗಿ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಪ್ಪು, ವಾಸನೆ ಬೇರೆ. ಎಳೆದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ನೂಲು ಮಾತ್ರ ಉಳಿಯುತ್ತದೆ. ಬೇರು ಕುಂಡದ ಆಕಾರದಲ್ಲೇ ಸುತ್ತಿ ಸುತ್ತಿ ಗಡ್ಡೆ ಕಟ್ಟಿದ್ದರೆ ಹಾಕಿದ ನೀರು ಬದಿಯಿಂದ ಜಾರಿ ಹೋಗುತ್ತಿದೆ ಎಂದರ್ಥ. ಹೊರ ಸುತ್ತು ಬಿಡಿಸಿ ದೊಡ್ಡ ಕುಂಡಕ್ಕೆ ಹಾಕಿ. ಮಣ್ಣಿನ ಮೇಲೆ ಬಿಳಿ ಪದರ, ಎಲೆ ತುದಿ ಸುಟ್ಟ ಹಾಗೆ ಇದ್ದರೆ ಉಪ್ಪು ಕೂತಿದೆ. ಗೊಬ್ಬರ ನಿಲ್ಲಿಸಿ, ಕೆಳಗಿನ ತೂತಿನಿಂದ ಧಾರಾಳವಾಗಿ ಹರಿದು ಹೋಗುವಷ್ಟು ಒಳ್ಳೆ ನೀರು ಎರಡು ಮೂರು ಸಲ ಬಿಡಿ.

ಬೇರಿನಲ್ಲಿ ಗಂಟು ಕಂಡರೆ ಸ್ವಲ್ಪ ತಡೆಯಿರಿ. ಅವರೆ, ಅಲಸಂದೆ, ಶಂಖಪುಷ್ಪದ ಬೇರಿನಲ್ಲಿ ಗಂಟು ಇರುವುದು ಒಳ್ಳೆಯದೇ. ಅವು ಗಾಳಿಯ ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಾದ ಮನೆಗಳು. ಬೆರಳಲ್ಲಿ ಉಜ್ಜಿದರೆ ಸುಲಭವಾಗಿ ಉದುರುತ್ತವೆ, ಒಡೆದರೆ ಒಳಗೆ ಗುಲಾಬಿ ಬಣ್ಣ. ಜಂತುಹುಳು (ಬೇರಿನೊಳಗೆ ಹೊಕ್ಕುವ, ಕಣ್ಣಿಗೆ ಕಾಣದ ಮಣ್ಣಿನ ಹುಳು) ಮಾಡಿದ ಗಂಟು ಹಾಗಲ್ಲ. ಬೇರು ತಾನೇ ಊದಿರುತ್ತದೆ, ಉದುರುವುದಿಲ್ಲ. ಹಾಗಲ, ಸೌತೆ, ಮೆಣಸಿನ ಬಳ್ಳಿಗಳಿಗೆ ಇದರ ಕಾಟ ಹೆಚ್ಚು. ವರ್ಷದ ತರಕಾರಿ ಬಳ್ಳಿಯಾದರೆ ಬೇರುಸಹಿತ ಕಿತ್ತು, ಆ ಜಾಗದಲ್ಲಿ ಕೆಲವು ತಿಂಗಳು ಚೆಂಡುಹೂ ಬೆಳೆಸಿ.

ಹಳದಿ ಎಲೆ: ಹಳೆಯದೋ ಹೊಸದೋ?

ಎಲೆ ಹಳದಿಯಾದ ಕೂಡಲೇ ಗೊಬ್ಬರ ಹಾಕುವುದು ನಮ್ಮ ರೂಢಿ. ಮೊದಲು ಯಾವ ಎಲೆ ಎಂದು ನೋಡಿ.

ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಬಳ್ಳಿಯೊಳಗೆ ಓಡಾಡಬಲ್ಲವು. ಕೊರತೆಯಾದಾಗ ಬಳ್ಳಿ ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ. ಅಮ್ಮ ತನ್ನ ತಟ್ಟೆಯದ್ದನ್ನು ಮಗುವಿಗೆ ಹಾಕಿದಂತೆ. ಹಾಗಾಗಿ ಹಳೆ ಎಲೆ ಮೊದಲು ಕೆಡುತ್ತದೆ. ಇಡೀ ಎಲೆ ಸಮನಾಗಿ ಪೇಲವವಾದರೆ ಸಾರಜನಕ. ಅಂಚು ಮಾತ್ರ ಸುಟ್ಟರೆ ಪೊಟ್ಯಾಷ್. ನರ ಹಸಿರಾಗಿ ಉಳಿದು ನಡುವೆ ಹಳದಿಯಾದರೆ ಮೆಗ್ನೀಸಿಯಂ. ಮೆಗ್ನೀಸಿಯಂಗೆ ಲೀಟರ್ ನೀರಿಗೆ 20 ಗ್ರಾಂ ಎಪ್ಸಮ್ ಉಪ್ಪು ಕರಗಿಸಿ, ಎರಡು ವಾರಕ್ಕೊಮ್ಮೆ ಸಂಜೆ ಹೊತ್ತು ಎರಡು ಮೂರು ಸಲ ಎಲೆಗೆ ಸಿಂಪಡಿಸಬಹುದು. ಸಾರಜನಕಕ್ಕೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಎರೆಗೊಬ್ಬರ ಸಾಕು.

ಕಬ್ಬಿಣದ ಅಂಶ ಹೀಗೆ ಓಡಾಡುವುದಿಲ್ಲ. ಕೊರತೆಯಾದರೆ ಹೊಸ ಚಿಗುರೇ ಹಳದಿ, ನರ ಮಾತ್ರ ಹಸಿರು ಗೆರೆ ಎಳೆದ ಹಾಗೆ. ತೀರಾ ಹೆಚ್ಚಾದರೆ ಚಿಗುರು ಬಿಳಿಚಿಕೊಳ್ಳುತ್ತದೆ. ಗೋಡೆ ಬದಿಯ ಬಳ್ಳಿಗಳಲ್ಲಿ ಇದು ಜಾಸ್ತಿ, ಕಾರಣ ಗೋಡೆಯೇ. ಗಾರೆ, ಸಿಮೆಂಟಿನ ಸುಣ್ಣ ನೀರಿನ ಜೊತೆ ಇಳಿದು ಬುಡದ ಮಣ್ಣನ್ನು ಕ್ಷಾರ ಮಾಡುತ್ತದೆ. ಮನೆ ಕಟ್ಟಿದಾಗ ಉಳಿದ ಚೂರುಪಾರು ಅಲ್ಲೇ ಹೂತಿರುವುದೂ ಉಂಟು. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟು ಇರುತ್ತದೆ, ಆದರೆ ಕ್ಷಾರ ಮಣ್ಣಿನಲ್ಲಿ ಕರಗುವುದಿಲ್ಲ. ಬುಡದಲ್ಲಿ ತುಕ್ಕು ಮೊಳೆ ಹೂಳಿದರೆ ಉಪಯೋಗ ಇಲ್ಲ ಅನ್ನುವುದು ಇದಕ್ಕೇ.

ಪರೀಕ್ಷೆ ಬೇಕೇ? ಒಂದು ಚಮಚ ಒಣ ಮಣ್ಣಿಗೆ ವಿನೆಗರ್ ನಾಲ್ಕು ಹನಿ ಹಾಕಿ. ಬುರುಬುರು ನೊರೆ ಬಂದರೆ ಸುಣ್ಣ ಇದೆ. ಪಿಎಚ್ (ಮಣ್ಣಿನ ಹುಳಿ, ಕ್ಷಾರದ ಅಳತೆ) 7 ದಾಟಿದ ಮಣ್ಣಿಗೆ ಇಡಿಡಿಎಚ್‌ಎ ರೂಪದ ಚೀಲೇಟೆಡ್ ಕಬ್ಬಿಣ, ಅಂದರೆ ಮಣ್ಣಿನಲ್ಲಿ ಕರಗಿಯೇ ಉಳಿಯುವಂತೆ ಮಾಡಿದ ಕಬ್ಬಿಣ, ಕೇಳಿ ತನ್ನಿ. ಇಡಿಟಿಎ ರೂಪದ್ದು ಇಂಥ ಮಣ್ಣಿನಲ್ಲಿ ಬೇಗ ಕೈಕೊಡುತ್ತದೆ. ಜೊತೆಗೆ ಕಾಂಪೋಸ್ಟ್ ಹಾಕುತ್ತಾ ಹೋಗಿ. ಇನ್ನೊಂದು ಮಾತು. ಬೇರು ನೀರಿನಲ್ಲಿ ಮುಳುಗಿದ್ದರೂ ಚಿಗುರು ಹೀಗೇ ಹಳದಿಯಾಗುತ್ತದೆ. ಆದ್ದರಿಂದ ನೀರಿನ ಪರೀಕ್ಷೆ ಮುಗಿಸದೆ ಇಲ್ಲಿಗೆ ಬರಬೇಡಿ.

ಎಲೆ ಮಗುಚಿ ನೋಡಿ

ಹುಳುಗಳು ಇರುವುದು ಎಲೆಯ ಅಡಿಯಲ್ಲಿ, ಗೆಣ್ಣಿನ ಸಂದಿಯಲ್ಲಿ, ಚಿಗುರಿನ ತುದಿಯಲ್ಲಿ. ಇರುವೆ ಸಾಲು ಕಾಂಡ ಹತ್ತುತ್ತಿದ್ದರೆ ಅದನ್ನೇ ಹಿಂಬಾಲಿಸಿ. ಹಿಟ್ಟು ತಿಗಣೆ, ಸಸ್ಯಹೇನು ಅಥವಾ ಶಲ್ಕ (ಚಿಪ್ಪು) ಕೀಟದ ಬಳಿಗೆ ಅದೇ ಕರೆದುಕೊಂಡು ಹೋಗುತ್ತದೆ. ಇವು ರಸ ಹೀರಿ ಸಿಹಿ ಅಂಟು ಸುರಿಸುತ್ತವೆ. ಆ ಅಂಟಿನ ಮೇಲೆ ಮಸಿಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಕಪ್ಪು ಎಲೆ ನೋಡಿ ರೋಗಕ್ಕೆ ಔಷಧಿ ತರಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಸಿ ಹೋಗುತ್ತದೆ. ಹಿಡಿಯಬೇಕಾದ್ದು ಮೇಲೆ ಕೂತ ಹುಳುವನ್ನು.

ಎಲೆಯ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ತಿಳಿ ಚುಕ್ಕಿ, ಎಲೆ ಧೂಳು ಹಿಡಿದಂತೆ ಮಂಕು. ಇದು ಕೆಂಪು ನುಸಿ. ಕಣ್ಣಿಗೆ ಕಾಣುವುದು ಕಷ್ಟ. ಬಿಳಿ ಹಾಳೆ ಹಿಡಿದು ಎಲೆಯನ್ನು ಅದರ ಮೇಲೆ ಎರಡು ಸಲ ತಟ್ಟಿ. ಬಿದ್ದ ಚುಕ್ಕಿಗಳು ನಡೆಯತೊಡಗಿದರೆ ನುಸಿಯೇ. ಒಣ ಹವೆಯಲ್ಲಿ, ಕಾದ ಗೋಡೆಯ ಬದಿಯಲ್ಲಿ ಇವು ವಿಪರೀತ ಹೆಚ್ಚುತ್ತವೆ. ಸೆಕೆಯ ದಿನಗಳಲ್ಲಿ ಒಂದು ವಾರ, ಹತ್ತು ದಿನಕ್ಕೆ ಮೊಟ್ಟೆ ದೊಡ್ಡ ನುಸಿಯಾಗುತ್ತದೆ. ಅದಕ್ಕೆ ಒಂದು ಸಲ ಹೊಡೆದು ಸುಮ್ಮನಾದರೆ ಸಾಲದು. ಎಲೆಯ ಅಡಿಗೆ ನೀರನ್ನು ಜೋರಾಗಿ ಹೊಡೆಯಿರಿ, ಐದಾರು ದಿನಕ್ಕೊಮ್ಮೆ, ಮೂರು ನಾಲ್ಕು ಸಲ. ಕಂಡ ಕಂಡ ಕೀಟನಾಶಕ ಹೊಡೆದರೆ ನುಸಿಯನ್ನು ತಿನ್ನುವ ಒಳ್ಳೆ ಹುಳುಗಳು ಸಾಯುತ್ತವೆ. ನುಸಿ ಕೀಟವಲ್ಲ, ಜೇಡನ ನೆಂಟ, ಅದಕ್ಕೆ ಬಹಳಷ್ಟು ಕೀಟನಾಶಕ ನಾಟುವುದೇ ಇಲ್ಲ.

ಹಿಟ್ಟು ತಿಗಣೆ ಸ್ವಲ್ಪವೇ ಇದ್ದರೆ ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿ. ಹೆಚ್ಚಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಬೆರೆಯಲು ಒಂದೆರಡು ಹನಿ ದ್ರವ ಸೋಪು. ಸಂಜೆಯೇ ಹೊಡೆಯಬೇಕು, ಬಿಸಿಲಲ್ಲಿ ಎಲೆ ಸುಡುತ್ತದೆ. ಮೊದಲು ನಾಲ್ಕು ಎಲೆಗೆ ಹೊಡೆದು ಎರಡು ದಿನ ಕಾಯಿರಿ. ಎಲೆಯ ಮೇಲೆ ಬಿಳಿ ಗೆರೆ ಅಂಕುಡೊಂಕಾಗಿ ಹರಿದಿದ್ದರೆ ಅದು ರಂಗೋಲಿ ಹುಳು. ಒಳಗೆ ಇರುವುದರಿಂದ ಮೇಲೆ ಹೊಡೆದದ್ದು ಸರಿಯಾಗಿ ತಲುಪುವುದಿಲ್ಲ. ಆ ಎಲೆ ಕಿತ್ತರೆ ಮುಗಿಯಿತು.

ಬೂದಿ, ಬೂಷ್ಟು

ಎಲೆಯ ಮೇಲೆ ಬಿಳಿ ಪುಡಿ, ಬೆರಳಲ್ಲಿ ಒರೆಸಿದರೆ ಅಂಟಿಕೊಳ್ಳುತ್ತದೆ: ಬೂದಿ ರೋಗ. ಇದಕ್ಕೆ ಎಲೆ ಒದ್ದೆಯಾಗುವ ಅಗತ್ಯವಿಲ್ಲ. ಬೇರು ಒಣಗಿ, ಎಲೆ ದಟ್ಟವಾಗಿ, ಗಾಳಿ ಆಡದಿದ್ದರೆ ಸಾಕು. ಬುಡಕ್ಕೆ ನೀರು ಸರಿಮಾಡಿ, ಒಳಗಿನ ಕವಲು ತೆಳು ಮಾಡಿ. 1999ರಲ್ಲಿ ಬ್ರೆಜಿಲ್‌ನ ಸಂಶೋಧಕ ವಾಗ್ನರ್ ಬೆಟಿಯೋಲ್ ಹಸಿರುಮನೆಯ ಜುಕಿನಿ (ಕುಂಬಳದ ಜಾತಿಯ ತರಕಾರಿ) ಗಿಡಗಳಿಗೆ ಹಾಲು ಬೆರೆಸಿದ ನೀರು ಹೊಡೆದು ನೋಡಿದರು. ಬೂದಿ ರೋಗ ಹತೋಟಿಗೆ ಬಂತು. ಹತ್ತು ಪಾಲಿನಲ್ಲಿ ಒಂದು ಪಾಲು ಹಾಲು, ಉಳಿದದ್ದು ನೀರು. ಹೀಗೆ ಬೆರೆಸಿ ವಾರಕ್ಕೊಮ್ಮೆ ಹೊಡೆಯಬಹುದು. ರೋಗ ಶುರುವಿನಲ್ಲಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಗಂಧಕ ಬಳಸುವವರು 32 ಡಿಗ್ರಿಗಿಂತ ಹೆಚ್ಚು ಬಿಸಿಲಿದ್ದಾಗ ಬೇಡ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಬೇಡ.

ಹಾಗಲ, ಹೀರೆ, ಸೌತೆ ಎಲೆಯ ಮೇಲೆ ನರಗಳ ನಡುವೆ ಚೌಕ ಚೌಕ ಹಳದಿ ಮಚ್ಚೆ, ಬೆಳಿಗ್ಗೆ ಅಡಿಯಲ್ಲಿ ಬೂದು ನೇರಳೆ ಬಣ್ಣದ ತುಪ್ಪಟ ಕಂಡರೆ ಅದು ಬೇರೆ ರೋಗ, ಬೂಜು ತುಪ್ಪಟ. ಇದಕ್ಕೆ ಎಲೆ ಒದ್ದೆ ಇರಲೇಬೇಕು. ಸಂಜೆ ಮೇಲಿನಿಂದ ನೀರು ಸುರಿಯುವುದನ್ನು ನಿಲ್ಲಿಸಿ. ಹೆಸರು ಹತ್ತಿರವಾದರೂ ಒಂದರ ಔಷಧಿ ಇನ್ನೊಂದಕ್ಕೆ ಆಗುವುದಿಲ್ಲ.

ಏಕಾಏಕಿ ಕುಸಿದರೆ

ನಿನ್ನೆ ಚೆನ್ನಾಗಿತ್ತು, ಇವತ್ತು ಜೋತುಬಿದ್ದಿದೆ, ಬುಡದಲ್ಲಿ ಗಾಯ ಇಲ್ಲ, ಮಣ್ಣು ಹದವಾಗಿದೆ. ಆಗ ಸೊರಗು ರೋಗದ ಪರೀಕ್ಷೆ ಮಾಡಿ. ಬಾಡಿದ ಕವಲನ್ನು ಬುಡದ ಹತ್ತಿರ ಓರೆಯಾಗಿ ಕತ್ತರಿಸಿ. ಒಳಗೆ ತೊಗಟೆಯ ಕೆಳಗೆ ಕಂದು ಉಂಗುರ ಅಥವಾ ಗೆರೆ ಇದ್ದರೆ ನೀರಿನ ನಾಳಗಳಿಗೆ ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಹೊಕ್ಕಿದೆ. ಆ ತುಂಡಿನ ತುದಿಯನ್ನು ಲೋಟದ ತಿಳಿನೀರಿಗೆ ತಾಗುವಂತೆ ಅಲುಗಾಡಿಸದೆ ಹಿಡಿದು ಕೆಲವು ನಿಮಿಷ ಕಾಯಿರಿ. ತುದಿಯಿಂದ ಹಾಲಿನಂಥ ಎಳೆ ಕೆಳಗಿಳಿದರೆ ಬ್ಯಾಕ್ಟೀರಿಯಾ. ಸೌತೆ ಬಳ್ಳಿಯಲ್ಲಾದರೆ ಕತ್ತರಿಸಿದ ಎರಡು ತುದಿಯನ್ನು ಒತ್ತಿ ಹಿಡಿದು ನಿಧಾನ ಎಳೆದಾಗ ಅಂಟಿನ ನೂಲು ಬರುವುದೂ ಉಂಟು.

ಬ್ಯಾಕ್ಟೀರಿಯಾ ಸೊರಗಿಗೆ ಮನೆ ತೋಟದಲ್ಲಿ ಮದ್ದಿಲ್ಲ. ಬೇರುಸಹಿತ ತೆಗೆಯಿರಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಚಾಕು, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಒಂದು ಹೊರತು ಇದೆ. ದೊಡ್ಡ ಹೂವಿನ ಕ್ಲೆಮ್ಯಾಟಿಸ್ ಬಳ್ಳಿಗೆ ಬರುವ ಸೊರಗು ಬ್ಯಾಕ್ಟೀರಿಯಾದ್ದಲ್ಲ, ಶಿಲೀಂಧ್ರದ್ದು, ಮಣ್ಣಿನ ಮೇಲಿನ ಕಾಂಡಕ್ಕೆ ಬರುವಂಥದ್ದು. ಬಾಡಿದ್ದನ್ನು ಆರೋಗ್ಯದ ಭಾಗದವರೆಗೆ, ಬೇಕಾದರೆ ನೆಲದ ಮಟ್ಟಕ್ಕೇ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಅದಕ್ಕೇ ಆ ಬಳ್ಳಿಯನ್ನು 5ರಿಂದ 8 ಸೆಂ.ಮೀ. ಆಳ ಹೆಚ್ಚಿಗೆ ನೆಡುವುದು.

ಎಲೆಯಲ್ಲಿ ತಿಳಿ ಹಸಿರು, ಕಡು ಹಸಿರು ಮೊಸಾಯಿಕ್ ಮಾದರಿ, ಚಿಗುರು ಮುದುಡಿ ಗಿಡ್ಡವಾಗಿದ್ದರೆ ನಂಜು ರೋಗ, ಅಂದರೆ ವೈರಸ್. ಇದಕ್ಕೂ ಮದ್ದಿಲ್ಲ, ಸಸ್ಯಹೇನು ಮತ್ತು ಬಿಳಿ ನೊಣ ಇದನ್ನು ಹರಡುತ್ತವೆ. ಕೀಳುವ ಮೊದಲು ಒಂದನ್ನು ಖಚಿತ ಮಾಡಿಕೊಳ್ಳಿ. 2,4-ಡಿ ಥರದ ಕಳೆನಾಶಕ ಗಾಳಿಯಲ್ಲಿ ತೇಲಿ ಬಂದರೂ ಚಿಗುರು ಪಟ್ಟಿಯಂತೆ ತಿರುಚಿಕೊಳ್ಳುತ್ತದೆ, ದ್ರಾಕ್ಷಿಗಂತೂ ತುಸು ಸೋಕಿದರೂ ಸಾಕು. ಅದಾಗಿದ್ದರೆ ಮುಂದಿನ ಚಿಗುರುಗಳು ನಿಧಾನಕ್ಕೆ ಸರಿಯಾಗುತ್ತಾ ಬರುತ್ತವೆ. ವೈರಸ್ ಆದರೆ ಪ್ರತಿ ಚಿಗುರೂ ಹಾಗೇ.

ಎಲೆಯೆಲ್ಲ ಹಚ್ಚಹಸಿರು, ಹೂ ಮಾತ್ರ ಇಲ್ಲ ಅನ್ನುವುದು ಕಾಯಿಲೆಯ ಪಟ್ಟಿಗೆ ಸೇರುವುದಿಲ್ಲ. ಬಿಸಿಲು ಕಡಿಮೆ, ಸಾರಜನಕ ಜಾಸ್ತಿ. ಬೋಗನ್‌ವಿಲ್ಲಾಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ನೀರು ಸ್ವಲ್ಪ ಬಿಗಿ ಮಾಡಿದರೆ ಒಳ್ಳೆಯದೇ.

ಈಗ ಮದ್ದು, ಆದರೆ ಒಂದೊಂದೇ

ಕಾರಣ ಗೊತ್ತಾಯಿತು ಅನ್ನಿಸಿದ ಮೇಲೆ ಒಂದೇ ಒಂದು ಬದಲಾವಣೆ ಮಾಡಿ. ನೀರೂ ಬದಲಿಸಿ, ಗೊಬ್ಬರವೂ ಹಾಕಿ, ಔಷಧಿಯೂ ಹೊಡೆದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಅದೇ ಜಾಗದಲ್ಲಿ ನಿಂತು ವಾರಕ್ಕೊಂದು ಫೋಟೊ ತೆಗೆಯಿರಿ. ಕಣ್ಣು ಮರೆಯುತ್ತದೆ, ಫೋಟೊ ಮರೆಯುವುದಿಲ್ಲ. ಎರಡು ವಾರವಾದರೂ ಕಾಯಬೇಕು. ಸೊರಗಿದ ಬಳ್ಳಿಗೆ ಈ ಹೊತ್ತಿನಲ್ಲಿ ರಾಸಾಯನಿಕ ಗೊಬ್ಬರ ಮಾತ್ರ ಬೇಡ, ನೊಂದ ಬೇರು ಸುಟ್ಟುಹೋಗುತ್ತದೆ.

ಹಳದಿಯಾದ ಹಳೆ ಎಲೆ ಮತ್ತೆ ಹಸಿರಾಗಲಿ ಎಂದು ಕಾಯಬೇಡಿ. ಹೆಚ್ಚಿನವು ಉದುರಿಯೇ ಹೋಗುತ್ತವೆ. ನೋಡಬೇಕಾದ್ದು ಹೊಸ ಚಿಗುರನ್ನು. ಕುಡಿ ನೆಟ್ಟಗಿದೆಯೇ, ಎಲೆಯ ಅಳತೆ ಹಿಂದಿನಷ್ಟಿದೆಯೇ, ಗೆಣ್ಣಿಂದ ಗೆಣ್ಣಿಗೆ ಅಂತರ ಸರಿಯಿದೆಯೇ?

ಚಿಗುರೇ ಬರದಿದ್ದರೆ ಉಗುರಿನ ಪರೀಕ್ಷೆಯನ್ನು ಬುಡದವರೆಗೂ ಮಾಡಿ. ಬುಡದಲ್ಲಿ ಹಸಿರು ಇದ್ದರೆ, ಮಲ್ಲಿಗೆಯಂಥ ಗಟ್ಟಿ ಬಳ್ಳಿಯನ್ನು ನೆಲದಿಂದ ಒಂದಡಿ ಬಿಟ್ಟು ಕತ್ತರಿಸಿ, ಎಲೆ ಇಲ್ಲದ್ದಕ್ಕೆ ನೀರು ಕಡಿಮೆ ಮಾಡಿ, ಬಿಟ್ಟುಬಿಡಿ. ನನ್ನದು ತಂತಿ ತೆಗೆದ ಮೇಲೂ ಆ ಅರ್ಧ ಉಳಿಯಲಿಲ್ಲ. ಕತ್ತರಿಸಿದೆ. ಏಳನೇ ವಾರ ಕಾಂಡದ ಕೆಳಗಿನ ಗೆಣ್ಣಿನಲ್ಲಿ ಅಕ್ಕಿ ಕಾಳಿನಷ್ಟು ಕೆಂಪು ಮೊಗ್ಗು ಕಂಡಿತು. ಅದನ್ನು ಈ ಸಲ ಬಟ್ಟೆಯಲ್ಲಿ ಕಟ್ಟಿದ್ದೇನೆ.